ಸೀರೆ ಉಟ್ಟ ಸಿಲಿಂಡರ್

ಜುಂಜೇಶನ ಫೋನ್ ಬಂದರೆ ಜನ ಅದನ್ನು ಕಿವಿಯಿಂದ ಒಂದು ಗೇಣು ದೂರ ಹಿಡಿದು ಮಾತಾಡುತ್ತಾರೆ. ಚಿತ್ರದುರ್ಗದಲ್ಲಿ ಎಸಿ ಹಾಕಿಸಿಕೊಂಡ ಮನೆಗಳಲ್ಲಿ ಅವನಿಂದ ಬೈಸಿಕೊಳ್ಳದ ಮನೆ ಸಿಗುವುದು ಕಷ್ಟ. ಹೊರಗಿನ ಯೂನಿಟ್ಟಿನ ಪೈಪಿಗೆ ಒದ್ದೆ ಟವೆಲ್ ನೇತುಹಾಕಿದವರು, ಗೋಡೆಯ ಅಂದ ಕೆಡುತ್ತದೆಂದು ಪೈಪನ್ನು ಮೊಣಕೈಯಂತೆ ಮಡಿಸಿ ಒಳಗೆ ತುರುಕಿಸಿದವರು, "ಲೀಕ್ ಆಮೇಲೆ ನೋಡಿದ್ರಾತು, ಸದ್ಯಕ್ಕೆ ಗ್ಯಾಸ್ ತುಂಬಿ ಹೋಗಪ್ಪ" ಎಂದವರು, ಎಲ್ಲರಿಗೂ ಒಂದೇ ಗಂಟಲಿನ ಸೇವೆ. ಆ ಗಂಟಲು ಹಿರಿಯೂರು ಕಡೆಯ ಗೊಲ್ಲರಹಟ್ಟಿಯಿಂದ ಬಂದದ್ದು. ಅವನ ತಂದೆ ಎತ್ತಪ್ಪ, ಗುಡ್ಡದ ಈ ಮಗ್ಗುಲಲ್ಲಿ ನಿಂತು ಆ ಮಗ್ಗುಲಿನ ಕುರಿಯನ್ನು ಬೈದು ತಿರುಗಿಸುತ್ತಿದ್ದವನು. ಮಗ ಕುರಿ ಬಿಟ್ಟು ತಾಮ್ರದ ಪೈಪು ಹಿಡಿದ. ಗಂಟಲು ಮಾತ್ರ ಗುಡ್ಡದಾಚೆಗೆ ಮುಟ್ಟುವಷ್ಟೇ ಉಳಿಯಿತು.

"ಮನೇಲೂ ಹಿಂಗೇನಾ?" ಎಂದು ಯಾರೋ ಅವನ ಹೆಂಡತಿ ಯಲ್ಲಕ್ಕನನ್ನು ಕೇಳಿದ್ದರು.

"ಮನೇಲಿ ಪೈಪ್ ಇಲ್ಲ ನೋಡ್ರಿ. ಅದ್ಕೆ ಸ್ವಲ್ಪ ಕಮ್ಮಿ" ಎಂದಳು ಯಲ್ಲಕ್ಕ.

ಅವನ ಸಿಟ್ಟಿಗೆ ಒಂದು ಕ್ರಮವಿದೆ. ತಾಮ್ರದ ಪೈಪನ್ನು ಗರಗಸದಿಂದ ಕೊಯ್ದರೆ ಸಿಟ್ಟು, ಏಕೆಂದರೆ ಪುಡಿ ಒಳಗೆ ಬಿದ್ದು ಕೊನೆಗೆ ಕಂಪ್ರೆಸರಿಗೆ ಸೇರುತ್ತದೆ. ಕಟ್ಟರಿನಿಂದ ಸರಿಯಾಗಿ ಕೊಯ್ದು, ಅಂಚು ಕೆರೆಯುವಾಗ ಪೈಪಿನ ಬಾಯನ್ನು ನೆಲದ ಕಡೆ ತಿರುಗಿಸದಿದ್ದರೂ ಸಿಟ್ಟು. ಕಾರಣ ಅದೇ ಪುಡಿ. ಬಾಯನ್ನು ಅಗಲಿಸಿ ನಟ್ಟು ಕೂರಿಸುವ ಮೊದಲು ಎಸಿಯ ಎಣ್ಣೆ ಒಂದು ತೊಟ್ಟು ಸವರಬೇಕು. ನಟ್ಟನ್ನು ಅಳತೆಯ ಸ್ಪ್ಯಾನರಿನಲ್ಲಿ ಬಿಗಿಯಬೇಕೇ ಹೊರತು ತೋಳಿನ ಬಲ ತೋರಿಸಲು ಅಲ್ಲ. ಎರಡು ಪೈಪು ಬೆಸೆಯುವಾಗ ಒಳಗೆ ಸಣ್ಣಗೆ ನೈಟ್ರೋಜನ್ ಹರಿಯುತ್ತಿರಬೇಕು, ಇಲ್ಲವಾದರೆ ಒಳಮೈ ಸುಟ್ಟು ಕಪ್ಪು ಹೊಟ್ಟು ಕಟ್ಟುತ್ತದೆ. ಬೆಸೆದ ಮೇಲೆ ನೈಟ್ರೋಜನ್ ತುಂಬಿ ಒತ್ತಡ ಇಳಿಯುತ್ತದೋ ಎಂದು ಕಾಯಬೇಕು. ಆಮೇಲೆ ಪಂಪು ಹಚ್ಚಿ ಒಳಗಿನ ಗಾಳಿ, ತೇವ ಎಲ್ಲ ಎಳೆದು, ಕಡೆಗೆ ಗ್ಯಾಸ್ ಬಿಡಬೇಕು. ಇದರಲ್ಲಿ ಯಾವುದನ್ನು ಬಿಟ್ಟರೂ ಎಸಿ ಅಂದು ತಣ್ಣಗೇ ಓಡುತ್ತದೆ. ಅವನನ್ನು ಹೆಚ್ಚು ಉರಿಸುವುದು ಅದೇ. ತಪ್ಪು ಮಾಡಿದ ದಿನವೂ ತಂಪು ಗಾಳಿ ಬರುತ್ತದೆ, ಮನೆಯವರು ಕಾಫಿ ಕೊಡುತ್ತಾರೆ.

ಎಲ್ಲಕ್ಕಿಂತ ದೊಡ್ಡ ಸಿಟ್ಟು ಆಕ್ಸಿಜನ್ ಮೇಲೆ. ಬೆಸುಗೆಯ ಬೆಂಕಿಗೆ ಆಕ್ಸಿಜನ್ ಸಿಲಿಂಡರ್ ಹೇಗೂ ಜೊತೆಯಲ್ಲಿರುತ್ತದೆ. ನೈಟ್ರೋಜನ್ ಸಿಲಿಂಡರ್ ಉದ್ದ, ಭಾರ, ಮೆಟ್ಟಿಲು ಹತ್ತಿಸಲು ಇಬ್ಬರು ಬೇಕು. ಹಾಗಾಗಿ ಒತ್ತಡ ಪರೀಕ್ಷೆಗೂ ಆಕ್ಸಿಜನ್ನನ್ನೇ ಪೈಪಿಗೆ ತುಂಬುವ ಮೆಕಾನಿಕ್ಕುಗಳು ಇದ್ದಾರೆ. ಆಕ್ಸಿಜನ್ ತಾನಾಗಿ ಉರಿಯುವುದಿಲ್ಲ. ಆದರೆ ಎಣ್ಣೆಯ ಜೊತೆ ಒತ್ತಡದಲ್ಲಿ ಸೇರಿದರೆ ಎಣ್ಣೆ ಹೊತ್ತಿಕೊಳ್ಳಲು ಕಿಡಿ ಬೇಕಾಗಿಲ್ಲ. ಗಾಳಿ ಒತ್ತಿದಾಗ ಸೈಕಲ್ ಪಂಪು ಬಿಸಿಯಾಗುವ ಹಾಗೆ, ಸಿಲಿಂಡರ್ ತೆರೆಯುವ ಕೀ ತಿರುಗಿಸಿದ ಕ್ಷಣ ಒತ್ತಿಕೊಂಡ ಆಕ್ಸಿಜನ್ನಿನ ಬಿಸಿಯೇ ಸಾಕು. ಎಸಿಯ ಕಂಪ್ರೆಸರಿನಲ್ಲಿ ಎಣ್ಣೆ ಇದ್ದೇ ಇರುತ್ತದೆ.

ಇದನ್ನು ಜುಂಜೇಶ ಒಂದು ತರಬೇತಿಯಲ್ಲಿ ಕಲಿತ. ಕಣ್ಣಾರೆ ಕಂಡಿಲ್ಲ. ಜೊತೆಯ ಕೆಲಸಗಾರ ಓಬಯ್ಯ ಪ್ರತಿ ಸಲ ಹಿಡಿದು ಎಳೆಯುತ್ತಿದ್ದುದು ಇದೇ ಎಳೆಯನ್ನು.

"ಜುಂಜಣ್ಣ, ನಿನ್ ಕಣ್ಣೆದುರಿಗೆ ಯಾವಾಗಾದ್ರೂ ಸಿಡಿದೈತಾ?"

"ಇಲ್ಲ."

"ನಿಮ್ಮ ಹಟ್ಟಿಯೋರ ಕಣ್ಣೆದುರಿಗೆ?"

"ಹಟ್ಟೀಲಿ ಆಕ್ಸಿಜನ್ ಎಲ್ಲೈತಲೇ?"

"ಮತ್ತೆ? ದೆವ್ವದ ಕತೆ ಹೇಳ್ದಂಗೆ ಹೇಳ್ತೀಯಲ್ಲ, ಮಾರಾಯ."

ಓಬಯ್ಯ ಹೊಸದುರ್ಗದವನು, ಒಳ್ಳೆಯ ಕೈಗಾರ. ಹಿಂದೆ ಕೆಲಸ ಕಲಿತ ಕಡೆ ಎಲ್ಲರೂ ಆಕ್ಸಿಜನ್ ತುಂಬಿಯೇ ಪರೀಕ್ಷೆ ಮಾಡುತ್ತಿದ್ದರು. ಸಾವಧಾನದ ಮನುಷ್ಯ. ಒಂದು ನಟ್ಟು ಬಿಚ್ಚುವುದಕ್ಕೂ ಅದರ ಜೊತೆ ಸ್ವಲ್ಪ ಹೊತ್ತು ಕುಳಿತುಕೊಳ್ಳುವವನು. ಜುಂಜೇಶ ಅವನಿಗೆ ಆಮೆ ಎಂದು ಹೆಸರಿಟ್ಟಿದ್ದ. ಅದನ್ನು ಗಿರಾಕಿಗಳ ಮುಂದೆಯೂ ಕರೆದಿದ್ದ. ಅಂದಿನಿಂದ ಓಬಯ್ಯ ಬೇಕೆಂದೇ ಇನ್ನೂ ನಿಧಾನ ಮಾಡುತ್ತಿದ್ದ.

ಇಬ್ಬರೂ ದುಡಿಯುತ್ತಿದ್ದುದು ಲಕ್ಷ್ಮೀಕಾಂತನ ಅಂಗಡಿಯಲ್ಲಿ. ಫ್ರಿಜ್ಜು, ಎಸಿ ರಿಪೇರಿಯ ಆ ಅಂಗಡಿಯನ್ನು ಲಕ್ಷ್ಮೀಕಾಂತನ ತಂದೆ ಶುರು ಮಾಡಿದ್ದು. ಅವರು ತೀರಿಕೊಂಡ ಮೇಲೆ ಅಂಗಡಿಯ ಲೆಕ್ಕ ಮಗನ ಕೈಗೆ, ಅಂಗಡಿಯ ದೇವರು ತಾಯಿ ಅನುಸೂಯಮ್ಮನ ಕೈಗೆ ಬಂದಿದ್ದವು. ಆಯುಧಪೂಜೆ ಪೂರ್ತಿ ಅನುಸೂಯಮ್ಮನದು. ಆ ದಿನ ಅಂಗಡಿಯ ಪ್ರತಿಯೊಂದು ಉಪಕರಣವೂ ಹೊರಗೆ ಬಂದು, ಮೈ ತೊಳೆಸಿಕೊಂಡು, ಬಾಳೆಕಂದಿನ ನಡುವೆ ಸಾಲಾಗಿ ಕೂರಬೇಕು. ಸಾಲಿನ ನಡುವೆ ದೇವಿ. ದೇವಿ ಯಾರೆಂದರೆ ಅಂಗಡಿಯಲ್ಲಿ ಎಲ್ಲಕ್ಕಿಂತ ಎತ್ತರದ ನೈಟ್ರೋಜನ್ ಸಿಲಿಂಡರ್. ಅದಕ್ಕೆ ಅನುಸೂಯಮ್ಮ ತಮ್ಮ ಮದುವೆಯ ಹಸಿರು ಸೀರೆ ಉಡಿಸಿ, ನೆರಿಗೆ ಹಿಡಿದು, ಮೇಲಿನ ಟೊಪ್ಪಿಗೆಯ ಮೇಲೆ ತೆಂಗಿನಕಾಯಿ ಕೂರಿಸಿ, ಬೆಳ್ಳಿಯ ಮುಖವಾಡ ಕಟ್ಟುತ್ತಿದ್ದರು. ಗಂಡ ಇದ್ದಾಗಲೇ ಬಂದ ಪದ್ಧತಿ. ನಡು ಸಪೂರ, ಭುಜ ದುಂಡಗೆ, ಸೀರೆ ಚೆನ್ನಾಗಿ ನಿಲ್ಲುತ್ತದೆ ಎಂದು ಅನುಸೂಯಮ್ಮನೇ ಆರಿಸಿದ್ದರಂತೆ.

ಸೀರೆ ಉಡಿಸುವುದಕ್ಕೆ ಜುಂಜೇಶನ ತಕರಾರಿರಲಿಲ್ಲ. ತಕರಾರು ಹಿತ್ತಾಳೆಯದು. ಆಕ್ಸಿಜನ್ ಸಿಲಿಂಡರಿನ ಬಾಯಿಗೆ ಹಾಕುವ ರೆಗ್ಯುಲೇಟರ್ ಹಿತ್ತಾಳೆಯದು. ಅನುಸೂಯಮ್ಮನ ಲೆಕ್ಕದಲ್ಲಿ ಹಿತ್ತಾಳೆ ಎಂದರೆ ಪೂಜೆಯ ಸಾಮಾನು. ಪೂಜೆಯ ಸಾಮಾನನ್ನು ಹುಣಸೆಹಣ್ಣಿನಿಂದ ಉಜ್ಜಬೇಕು, ಕೊಬ್ಬರಿ ಎಣ್ಣೆ ಸವರಿ ಹೊಳೆಯಿಸಬೇಕು. ಆ ರೆಗ್ಯುಲೇಟರಿಗೆ ಎಣ್ಣೆಯ ಬೆರಳೂ ತಾಗಬಾರದು. ಹಾಗಾಗಿ ಪ್ರತಿ ವರ್ಷ ಆಯುಧಪೂಜೆಯ ಬೆಳಿಗ್ಗೆ ಜುಂಜೇಶ ಅದನ್ನು ಬಟ್ಟೆಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು, ಪೂಜೆ ಮುಗಿಯುವವರೆಗೆ ಮೂಲೆಯಲ್ಲಿ ಗುರ್ ಎನ್ನುತ್ತ ಕೂರುತ್ತಿದ್ದ. "ಎಣ್ಣೆ ಮುಟ್ಟಿಸಿದ್ರೆ ನೋಡ್ರಿ!" ಎಂದು ಒಂದು ಸಲ ಕೂಗಿ ಸುಮ್ಮನಾಗುತ್ತಿದ್ದ.

ಈ ವರ್ಷ ಅವನು ಇರಲಿಲ್ಲ. ಎತ್ತಪ್ಪನ ಕಣ್ಣಿನ ಪೊರೆ ತೆಗೆಸಿದ್ದರು. ಔಷಧಿ ಬಿಡಲು ಮಗನೇ ಬೇಕೆಂದು ಮುದುಕ ಹಟ ಹಿಡಿದಿದ್ದ. ಆಯುಧಪೂಜೆಯ ದಿನ ಹಟ್ಟಿಯಲ್ಲಿದ್ದು, ವಿಜಯದಶಮಿಯ ಬೆಳಿಗ್ಗೆ ಜುಂಜೇಶ ದುರ್ಗಕ್ಕೆ ಮರಳಿ ನೇರ ಅಂಗಡಿಗೆ ಬಂದ.

ಅನುಸೂಯಮ್ಮ ದೀಪಕ್ಕೆ ಎಣ್ಣೆ ಹಾಕುತ್ತಿದ್ದರು. ಹಸಿರು ಸೀರೆಯ ದೇವಿ ಸೇವಂತಿಗೆ ಹಾರದಲ್ಲಿ ನಿಂತಿತ್ತು. ಸಾಲಿನಲ್ಲಿ ಸ್ಪ್ಯಾನರು, ಕಟ್ಟರು, ಪಂಪು ಎಲ್ಲಕ್ಕೂ ಕುಂಕುಮ. ಒಂದು ಕಡೆ ಮಾತ್ರ ಖಾಲಿ ಜಾಗ, ನೆಲದ ಮೇಲೆ ದುಂಡನೆಯ ಗುರುತು.

"ಆಕ್ಸಿಜನ್ ಸೆಟ್ ಎಲ್ಲಮ್ಮ?"

"ಓಬಯ್ಯ ತಗೊಂಡ್ಹೋದ. ಹೊಳಲ್ಕೆರೆ ಚಿಕ್ಕತಿಮ್ಮಪ್ಪನೋರ ಕಲ್ಯಾಣ ಮಂಟಪದ್ದು. ನಾಳೆ ಓಪನಿಂಗ್ ಅಂತೆ, ವಧುವಿನ ಕೋಣೆ ಎಸಿ ಇವತ್ತೇ ಆಗ್ಬೇಕಂತೆ. ಒಳ್ಳೆ ದಿನ, ಹೋಗ್ಬಾ ಅಂದೆ." ಅವರು ದೀಪದ ಕುಡಿ ಸರಿಮಾಡಿ, ಹಿಗ್ಗಿನಿಂದ ಮುಖ ಎತ್ತಿದರು. "ಈ ಸಾರಿ ನಿನ್ನ ಹಿತ್ತಾಳೆ ಸಾಮಾನು ನೋಡ್ಬೇಕಿತ್ತು ಜುಂಜ. ಮೂಲೇಲಿ ಕಪ್ಪು ಹಿಡಿದು ಕುಂತಿತ್ತು. ಹುಣಸೇಹಣ್ಣು ಹಾಕಿ ತಿಕ್ಕಿ ಎಣ್ಣೆ ಹಚ್ಚಿದ್ನಾ, ಬಂಗಾರ ಆತು."

ಜುಂಜೇಶ ಬಾಗಿ ಆ ದುಂಡನೆಯ ಗುರುತನ್ನು ಬೆರಳಿನಿಂದ ಒರೆಸಿ ನೋಡಿದ.

"ಯಾಕೋ?"

"ಒಳಗೂ ಹಚ್ಚಿದ್ರಾ? ಸಿಲಿಂಡರಿಗೆ ಕೂರಾ ಬಾಯಿಗೆ?"

"ಬೆರಳು ಹೋಗೋವಷ್ಟು ಹಚ್ಚಿದೀನಪ್ಪ. ಅರ್ಧಂಬರ್ಧ ಕೆಲ್ಸ ನಾನು ಮಾಡಲ್ಲ."

ಆಗ ಗಂಟಲು ಬಂತು. ಎದುರಿನ ಬೇಕರಿಯವನು ಹೊರಗೆ ಬಂದು ನೋಡಿದ. ಪ್ರತಿ ವರ್ಷ ಹೇಳುತ್ತೇನೆ, ಪ್ರತಿ ವರ್ಷ, ಈ ಅಂಗಡಿಯಲ್ಲಿ ಯಾರಿಗೆ ಕಿವಿ ಇದೆ ಎಂದು ಜುಂಜೇಶ ಗೋಡೆಗೆ, ಬಾಳೆಕಂದಿಗೆ, ದೇವಿಗೆ ಕೂಗಿದ. ಕೂಗುತ್ತಲೇ ಅವನ ಕಣ್ಣು ದೇವಿಯ ಮೇಲೆ ನಿಂತಿತು. ನೈಟ್ರೋಜನ್ ಇಲ್ಲೇ ಇದೆ. ಅಂದರೆ ಓಬಯ್ಯ ಅಲ್ಲಿ ಏನನ್ನು ಪೈಪಿಗೆ ತುಂಬುತ್ತಾನೆ?

"ಇದನ್ನ ಯಾಕೆ ಬಿಟ್ಟು ಹೋದ?"

"ಮಧ್ಯಾಹ್ನದ ಮೇಲೆ ಕದಲಿಸಾ ಪೂಜೆ. ಅಲ್ಲಿಗಂಟ ದೇವಿನ ಎತ್ತಂಗಿಲ್ಲ. ನಾನೇ ಬ್ಯಾಡ ಅಂದೆ. ಅವನೂ, ಇರ್ಲಿ ಬಿಡ್ರಮ್ಮ, ಆಕ್ಸಿಜನ್‌ನಾಗೇ ಮುಗಿಸ್ತೀನಿ ಅಂದ."

ಜುಂಜೇಶ ಫೋನ್ ಮಾಡಿದ. ರಿಂಗಾಗಿ ರಿಂಗಾಗಿ ನಿಂತಿತು. ಮತ್ತೆ ಮಾಡಿದ. ಓಬಯ್ಯ ಎತ್ತಲಿಲ್ಲ. ಬೆಳಿಗ್ಗೆ ಬೆಳಿಗ್ಗೆ ಜುಂಜೇಶನ ಹೆಸರು ನೋಡಿ, ಅದೂ ಹಬ್ಬದ ದಿನ, ಯಾರು ಎತ್ತುತ್ತಾರೆ? ಬೀದಿಯಲ್ಲಿ ಅಜ್ಜಪ್ಪ ತನ್ನ ಲಗೇಜ್ ಆಟೋದ ಬಾಳೆಕಂದು ಬಿಗಿಯುತ್ತಿದ್ದ. ಜುಂಜೇಶ ಅವನ ಫೋನ್ ಕಸಿದುಕೊಂಡು ಮಾಡಿದ. ಈ ಸಲ ಎತ್ತಿದ.

"ಹಲೋ, ಯಾರ್ರೀ?"

"ಲೇ ಆಮೆ! ಆ ಕೀ ಮುಟ್ಟಿದ್ರೆ ಕೈ ಮುರಿತೀನಿ ಮಗನೆ..."

ಫೋನ್ ಕಟ್ಟಾಯಿತು. ಮುಂದಿನ ಸಲ ಸ್ವಿಚ್ ಆಫ್ ಎಂದಿತು. ಅನುಸೂಯಮ್ಮ ತಮ್ಮ ಫೋನಿನಿಂದ ಮಾಡಿದರೂ ಅದೇ ಉತ್ತರ. ಚಿಕ್ಕತಿಮ್ಮಪ್ಪನ ನಂಬರು ಇದ್ದದ್ದು ಲಕ್ಷ್ಮೀಕಾಂತನ ಬಳಿ. ಅವನು ಹೆಂಡತಿ ಮಕ್ಕಳ ಜೊತೆ ಹೊರಕೆರೆದೇವಪುರದ ದೇವಸ್ಥಾನಕ್ಕೆ ಹೋಗಿದ್ದ. ಅವನ ಫೋನು ರಿಂಗಾಗುತ್ತಲೇ ಇತ್ತು.

"ಚೆನ್ನಾಗ್ ಮಾಡ್ದೆ" ಎಂದ ಅಜ್ಜಪ್ಪ, ಫೋನ್ ವಾಪಸು ಇಸಿದುಕೊಳ್ಳುತ್ತ. "ಹಲೋ ಅಂದಿದ್ರೆ ಬಾಯಿ ಸವೀತಿತ್ತಾ?"

ಜುಂಜೇಶ ಒಳಗೆ ಹೋಗಿ ದೇವಿಯ ತೆಂಗಿನಕಾಯಿಗೆ ಕೈ ಹಾಕಿದ. ಅನುಸೂಯಮ್ಮ ಅಡ್ಡ ನಿಂತರು.

"ಮುಟ್ಟಿದ್ರೆ ನೋಡು! ಬೂಟ್ ಕಾಲಲ್ಲಿ ಬಂದು ದೇವಿನ ಎಳೀತೀಯಾ?"

"ಅಮ್ಮ, ಓಬಯ್ಯಂಗೆ ಹೆಂಡ್ತಿ ಅದಾಳೆ. ಮಗಳು ಅದಾಳೆ. ನೀವು ಹಚ್ಚಿದ ಎಣ್ಣೆ ಮೇಲೆ ಅವನು ಕೀ ತಿರುವ್ತಾನೆ. ಮುಖದ ಎದುರಿಗೇ ಇರ್ತೈತೆ ಅದು. ಅದರಿಂದ ಬದುಕಿದ್ರೆ, ಆಮೇಲೆ ಎಸಿ ಪೈಪಿಗೆ ಅದೇ ಆಕ್ಸಿಜನ್ ತುಂಬ್ತಾನೆ. ಅಲ್ಲೂ ಎಣ್ಣೆ. ಈಗ ಹೇಳ್ರಿ, ಕದಲಿಸ್ಲಾ, ಮಧ್ಯಾಹ್ನಗಂಟ ಕಾಯ್ಲಾ?"

ಅನುಸೂಯಮ್ಮ ತಮ್ಮ ಬೆರಳುಗಳನ್ನು ನೋಡಿಕೊಂಡರು. ಆ ಬೆಳಿಗ್ಗೆಯ ದೀಪದ ಎಣ್ಣೆ ಅವುಗಳ ಮೇಲೆ ಇನ್ನೂ ಮಿರುಗುತ್ತಿತ್ತು. ಸೆರಗಿನಲ್ಲಿ ಒರೆಸಿಕೊಂಡರು. ಅವರು ಅಳುವವರಲ್ಲ, ಶಾಸ್ತ್ರ ಬಿಡುವವರೂ ಅಲ್ಲ. ಸ್ವಲ್ಪ ಯೋಚಿಸಿ ಹೇಳಿದರು:

"ಕದಲಿಸಂಗಿಲ್ಲ. ಆದ್ರೆ ವಿಜಯದಶಮಿ ದಿನ ದೇವಿ ಮೆರವಣಿಗೆ ಹೊರಡಬಹುದು. ಅದಕ್ಕೆ ಶಾಸ್ತ್ರ ಐತೆ. ಅಜ್ಜಪ್ಪ, ಗಾಡಿ ತಿರುಗ್ಸು."

"ಸೀರೆ ಬಿಚ್ಚಾಣ?" ಎಂದ ಅಜ್ಜಪ್ಪ.

"ಬೀದೀಲಿ ಸೀರೆ ಬಿಚ್ಚಿ ಮೆರವಣಿಗೆ ಮಾಡ್ತಾರೇನೋ, ಮುಚ್ಚು ಬಾಯಿ."

ತೆಂಗಿನಕಾಯಿ, ಮುಖವಾಡ ಮಾತ್ರ ತೆಗೆದು ಮಡಿಲಲ್ಲಿಟ್ಟುಕೊಂಡು ಅನುಸೂಯಮ್ಮ ಆಟೋದ ಮುಂದೆ ಕುಳಿತರು. ದೇವಿ ಒಬ್ಬಳೇ ಹೋಗುವ ಹಾಗಿಲ್ಲ ಎಂದರು. ಎಷ್ಟೇ ಅವಸರವಿದ್ದರೂ ಜುಂಜೇಶ ಸಿಲಿಂಡರಿನ ಟೊಪ್ಪಿಗೆ ಬಿಗಿಯಾಗಿದೆಯೇ ನೋಡಿದ, ಉರುಳದಂತೆ ಹಗ್ಗದಿಂದ ಎರಡು ಕಡೆ ಕಟ್ಟಿದ. ನೈಟ್ರೋಜನ್ನಿನ ರೆಗ್ಯುಲೇಟರನ್ನು ಚೀಲಕ್ಕೆ ಹಾಕಿಕೊಂಡ. ಅದಕ್ಕೂ ಎಣ್ಣೆ ಹಚ್ಚಿತ್ತು. ಅದಕ್ಕೆ ಎಣ್ಣೆಯಿಂದ ಬೆಂಕಿಯ ಭಯವಿಲ್ಲ. ಆದರೂ ಒರೆಸುತ್ತ ಬೈದ.

ಹೊಳಲ್ಕೆರೆ ರಸ್ತೆಯಲ್ಲಿ ಹಬ್ಬದ ದಿನ ವೇಗವೆಂಬುದಿಲ್ಲ. ಪ್ರತಿ ಊರಿನ ಮುಂದೆ ಒಡೆದ ಬೂದುಗುಂಬಳ, ಹೂ ಸುತ್ತಿಕೊಂಡ ಟ್ರಾಕ್ಟರು, ಭೀಮಸಮುದ್ರದ ಕಡೆಯಿಂದ ಬರುವ ಬೈಕುಗಳ ಹ್ಯಾಂಡಲ್ಲಿನಲ್ಲಿ ಮಾವಿನ ಸೊಪ್ಪು. ಗುಡ್ಡಗಳ ಮೇಲೆ ಗಾಳಿಯಂತ್ರಗಳು ಯಾರ ಅವಸರವೂ ತಮಗೆ ಸಂಬಂಧವಿಲ್ಲದಂತೆ ತಿರುಗುತ್ತಿದ್ದವು. ಹಿಂದೆ ದೇವಿಯನ್ನು ತಬ್ಬಿ ಹಿಡಿದು ಕುಳಿತ ಜುಂಜೇಶನನ್ನು ಕಂಡು ಎದುರಿನವರು ಗಾಡಿ ನಿಧಾನ ಮಾಡಿ ಕೈಮುಗಿದರು.

"ಏಯ್, ಸೈಡಿಗೆ ಹೋಗ್ರಲೇ!" ಎಂದು ಅವನು ಕೂಗಿದ. ಪೂಜಾರಿ ಭಾರಿ ಉಗ್ರ ಎಂದುಕೊಂಡು ಅವರು ಇನ್ನಷ್ಟು ಬಗ್ಗಿದರು.

ಅನುಸೂಯಮ್ಮ ಹಿಂದಿನ ಕಿಂಡಿಗೆ ಮುಖ ತಿರುಗಿಸಿದರು.

"ನೀನು ಮೊದ್ಲೇ ಬಿಡಿಸಿ ಹೇಳಿದ್ರೆ ನಾನ್ಯಾಕೆ ಹಚ್ಚುತಿದ್ದೆ?"

"ಪ್ರತಿ ವರ್ಷ ಹೇಳೀನಲ್ಲಮ್ಮ!"

"ಹೇಳಿಲ್ಲ. ಕೂಗಿದೀಯ."

"ಕೂಗಿದ್ರೆ ಇನ್ನೂ ಚೆನ್ನಾಗಿ ಕೇಳ್ಬೇಕಲ್ಲ?"

"ಎಣ್ಣೆ ಮುಟ್ಟಿಸಬ್ಯಾಡ್ರಿ ಅಂತ ಅರಚ್ತಿದ್ದೆ. ಯಾಕೆ ಅಂತ ಒಂದಿನ ಹೇಳಿದೀಯಾ? ಅವರ ಹಟ್ಟೀಲಿ ಎಣ್ಣೆ ಆಗಲ್ವೇನೋ, ಏನೋ ಹರಕೆ ಇರ್ಬೇಕು ಅಂದ್ಕೊಂಡಿದ್ದೆ ನಾನು."

ಜುಂಜೇಶ ಬಾಯಿ ತೆರೆದ. ಆಟೋ ಗುಂಡಿಗೆ ಬಿದ್ದು ಎದ್ದಿತು. ಅವನು ದೇವಿಯನ್ನು ಇನ್ನೂ ಗಟ್ಟಿಯಾಗಿ ಹಿಡಿದುಕೊಂಡು, "ಇನ್ನೂ ಜೋರಾಗಿ ಹೊಡಿ ಅಜ್ಜಪ್ಪ" ಎಂದ.

ಕಲ್ಯಾಣ ಮಂಟಪಕ್ಕೆ ಹೊಸ ಬಣ್ಣದ ವಾಸನೆ ಇತ್ತು. ಹಿಂಬದಿಯ ತಾರಸಿಯಲ್ಲಿ ಎಸಿಯ ಹೊರಗಿನ ಯೂನಿಟ್ಟು, ಪಕ್ಕದಲ್ಲಿ ಕಪ್ಪು ಆಕ್ಸಿಜನ್ ಸಿಲಿಂಡರ್, ಅದರ ಬಾಯಲ್ಲಿ ಬಿಸಿಲಿಗೆ ಝಗಮಗಿಸುವ ಹಿತ್ತಾಳೆ. ಅಲ್ಲಿಂದ ಒಂದು ಕೊಳವೆ ಯೂನಿಟ್ಟಿನ ಪೈಪಿಗೆ ಹೋಗಿತ್ತು. ಓಬಯ್ಯ ಕುಕ್ಕರಗಾಲಲ್ಲಿ ಕುಳಿತಿದ್ದ. ಬೆಸುಗೆ ಮುಗಿದು, ಸಿಲಿಂಡರನ್ನು ಒಮ್ಮೆ ಮುಚ್ಚಿ, ಈಗ ಪರೀಕ್ಷೆಗೆ ತೆರೆಯುವುದರಲ್ಲಿದ್ದ. ಕೀ ಅವನ ಕೈಯಲ್ಲಿತ್ತು.

ಆಟೋ ನಿಲ್ಲುವ ಮೊದಲೇ ಜುಂಜೇಶ ನೆಗೆದ. "ಓಬಯ್ಯಾ! ಕೈ ತೆಗಿಯೋ!"

ಓಬಯ್ಯ ಕೆಳಗೆ ನೋಡಿದ. ಹಬ್ಬದ ದಿನ, ಇಪ್ಪತ್ತು ಮೈಲಿ ಆಚೆಯಿಂದ ಬೈಯಲು ಬಂದಿದ್ದಾನೆ. ಮಂಟಪದ ಮಾಲೀಕ ಚಿಕ್ಕತಿಮ್ಮಪ್ಪ, ಬಣ್ಣ ಬಳಿಯುವವರು, ಅಡಿಗೆಯವರು ಎಲ್ಲರೂ ನೋಡುತ್ತಿದ್ದಾರೆ. ಓಬಯ್ಯನ ಮುಖ ಬಿಗಿಯಿತು. ಅವನು ಬೆನ್ನು ತಿರುಗಿಸಿ ಕೀಯನ್ನು ಸಿಲಿಂಡರಿನ ತಲೆಗೆ ಕೂರಿಸಿದ.

"ತೆಗಿ ಅಂದ್ರೆ ತೆಗಿಯಲೇ!"

"ನೀನೇನ್ ಮಾಲೀಕನಾ? ಕೆಳಗೇ ನಿಂತ್ಕೊಂಡು ಬೊಗಳು."

ಮೆಟ್ಟಿಲು ಕಟ್ಟಡದ ಇನ್ನೊಂದು ತುದಿಯಲ್ಲಿತ್ತು. ಜುಂಜೇಶ ಓಡಿದ. ಓಡುತ್ತಲೇ ಕೂಗಿದ. ಕೂಗಿದಷ್ಟೂ ಓಬಯ್ಯನ ಕೈ ಕೀಯ ಮೇಲೆ ಗಟ್ಟಿಯಾಯಿತು.

ಅಷ್ಟರಲ್ಲಿ ಕೆಳಗಿನಿಂದ ಇನ್ನೊಂದು ದನಿ, ಮಂಗಳಾರತಿಗೆ ಕರೆಯುವಷ್ಟೇ ಸಹಜವಾಗಿ ಬಂತು.

"ಓಬಯ್ಯ, ದೇವಿ ಬಂದವಳೆ ಕಣಪ್ಪ. ಇಳಿದು ಬಾ, ಹೊತ್ಕೊಂಡು ಹೋಗು."

ಓಬಯ್ಯ ಗೋಡೆಯಾಚೆ ಬಗ್ಗಿದ. ಲಗೇಜ್ ಆಟೋದಲ್ಲಿ ಹಸಿರು ಸೀರೆಯ ನೈಟ್ರೋಜನ್ ಸಿಲಿಂಡರ್ ಹಗ್ಗ ಕಟ್ಟಿಸಿಕೊಂಡು ನೆಟ್ಟಗೆ ನಿಂತಿತ್ತು. ಮುಂದಿನ ಸೀಟಿನಿಂದ ಇಳಿದ ಅನುಸೂಯಮ್ಮನ ಕೈಯಲ್ಲಿ ದೇವಿಯ ಮುಖ. ಅವನಿಗೆ ನಗು ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು ನಗಲು ಕೀ ಬಿಡಬೇಕಾಯಿತು. ಕೀ ಸಿಲಿಂಡರಿನ ತಲೆಯ ಮೇಲೆ ತಿರುಗದೆ ಹಾಗೇ ನಿಂತಿತು.

"ಏನಮ್ಮ ಇದು? ಹಿಂಗ್ಯಾರಾದ್ರೂ ಕರ್ಕೊಂಡ್ ಬರ್ತಾರಾ?" ಎಂದು ನಗುತ್ತಲೇ, ಚಪ್ಪಲಿ ಕಳಚಿಟ್ಟು ದೇವಿಯನ್ನು ಎತ್ತಿಕೊಳ್ಳಲು ಇಳಿದು ಬಂದ. ಮೆಟ್ಟಿಲ ತಿರುವಿನಲ್ಲಿ ಏದುಸಿರು ಬಿಡುತ್ತ ಹತ್ತುತ್ತಿದ್ದ ಜುಂಜೇಶ ಎದುರಾದ. ಇಬ್ಬರೂ ಒಬ್ಬರನ್ನೊಬ್ಬರು ದಾಟಿ ಹೋದರು.

ಜುಂಜೇಶ ಕೀ ಕಿತ್ತು ಜೇಬಿಗೆ ಹಾಕಿಕೊಂಡ. ಕೊಳವೆ ಕಳಚಿದ. ರೆಗ್ಯುಲೇಟರ್ ಬಿಚ್ಚಿ ಅದರ ಬಾಯಿಗೆ ಕಿರುಬೆರಳು ಹಾಕಿದ. ಬೆರಳು ಮಿರುಗುತ್ತ ಹೊರಬಂತು. ಆ ಬೆರಳನ್ನು ಎತ್ತಿ ಹಿಡಿದುಕೊಂಡೇ ಕುಳಿತ. ಓಬಯ್ಯ ಮತ್ತು ಅಜ್ಜಪ್ಪ ದೇವಿಯನ್ನು ಹೊತ್ತು ತರುವವರೆಗೂ ಅವನ ಕೈ ಕೆಳಗಿಳಿದಿರಲಿಲ್ಲ.

"ಬೆಳಿಗ್ಗೆ ಇದರಾಗೆ ಬೆಸುಗೆ ಹಾಕಿದೆಯಾ?"

"ಹೂಂ."

"ಇದರಾಗೆ?"

"ಹೂಂ ಅಂದ್ನಲ್ಲ. ಏನಾತು? ಏನೂ ಆಗ್ಲಿಲ್ಲ. ನೋಡು, ಕೈ ಐತೆ, ಕಾಲೈತೆ, ಮೀಸೆನೂ ಐತೆ."

"ನಿಧಾನ ತಿರುಗಿಸಿರ್ಬೇಕು ನೀನು. ಗಾಳಿ ಸಣ್ಣಗೆ ಬಂದೈತೆ, ಬಿಸಿ ಏರಿಲ್ಲ. ಅದ್ಕೆ ಬದುಕಿದೀಯ."

"ಆಮೆ ಅಲ್ವಾ ನಾನು?" ಎಂದ ಓಬಯ್ಯ. "ಊರೆಲ್ಲ ಕೂಗ್ಕೊಂಡ್ ಬಂದಿದ್ಯಲ್ಲ, ಆಮೆ ಆಮೆ ಅಂತ. ಈಗ ಆಮೆ ಒಳ್ಳೇದಾತಾ?"

ಜುಂಜೇಶನ ಸಿಟ್ಟು ಮೇಲೇರಿತು. ಮುಖಕ್ಕೆ ಎದುರಾಗಿ ಕೂತಿದ್ದೀಯ, ಪಕ್ಕಕ್ಕೆ ನಿಂತು ತೆರೆಯಬೇಕೆಂದು ಎಷ್ಟು ಸಲ ಹೇಳಿದ್ದೇನೆ, ಬೆಸೆಯುವಾಗ ಒಳಗೆ ನೈಟ್ರೋಜನ್ ಇರಲಿಲ್ಲ, ಪೈಪಿನ ಒಳಗೆಲ್ಲ ಹೊಟ್ಟು, ಇಷ್ಟೂ ಪೈಪು ಕೊಯ್ದು ಎಸೆದು ಹೊಸದು ಎಳೆಯಬೇಕು ಎಂದ. ಚಿಕ್ಕತಿಮ್ಮಪ್ಪ ಮೇಲೆ ಬಂದಿದ್ದರು. ನಾಳೆ ಸ್ವಾಮಿಗಳು ಬರ್ತಾರೆ, ಹಾಕಿರೋದನ್ನ ಯಾಕೆ ಕೊಯ್ತೀರಿ ಎಂದು ಅವರೂ ದನಿ ಏರಿಸಿದರು.

"ಕೊಯ್ದೇ ಕೊಯ್ತೀನಿ" ಎಂದ ಜುಂಜೇಶ. "ಇಲ್ದಿದ್ರೆ ನಿಮ್ಮ ಎಸಿ ಈ ವರ್ಷ ತಣ್ಣಗಿರ್ತೈತೆ, ಮುಂದಿನ ವರ್ಷ ಯಾವುದೋ ಮದುಮಗಳು ಬೆವರ್ತಾಳೆ. ನೀವು ಆಗ ನನಗೇ ಫೋನ್ ಮಾಡ್ತೀರಿ. ನಾನು ಆಗ ಬೈತೀನಿ. ಅದರ ಬದ್ಲು ಈಗ್ಲೇ ಬೈಸ್ಕಳ್ರಿ."

ಕೊಯ್ದರು. ಕೊಯ್ದ ತುಂಡನ್ನು ಓಬಯ್ಯನೇ ಬಿಸಿಲಿಗೆ ಹಿಡಿದು ಒಳಗೆ ನೋಡಿದ. ಸುಟ್ಟ ಪಾತ್ರೆಯ ತಳದಂಥ ಕಪ್ಪು. ಅದನ್ನು ಮೂಲೆಗೆಸೆದು, ಹೊಸ ಪೈಪಿನ ಸುರುಳಿ ಬಿಚ್ಚತೊಡಗಿದ. ಮಂಟಪದಲ್ಲಿದ್ದ ಉದ್ದನೆಯ ಸುರುಳಿ ಒಳಗಿಂದ ಹೊರಗಿನವರೆಗೆ ಒಂದೇ ತುಂಡಿನಲ್ಲಿ ಸಾಲುತ್ತಿತ್ತು. ಬೆಸುಗೆಯೇ ಬೇಡವಾಯಿತು. ತುದಿಗಳನ್ನು ಅಗಲಿಸಿ, ಎಸಿಯ ಎಣ್ಣೆ ಸವರಿ, ನಟ್ಟು ಬಿಗಿದರು. ಅನುಸೂಯಮ್ಮ ನೆರಳಿನಲ್ಲಿ ಕುಳಿತು ನೋಡುತ್ತಿದ್ದರು.

"ಅಲ್ಲಿ ಎಣ್ಣೆ ಹಚ್ಚಬಹುದಾ?"

"ಅಲ್ಲಿ ಹಚ್ಚಲೇಬೇಕು" ಎಂದ ಜುಂಜೇಶ.

"ನಿಮ್ಮದೂ ದೊಡ್ಡ ಮಡಿಯಪ್ಪ" ಎಂದರು ಅವರು.

ಸೀರೆಯ ನೆರಿಗೆ ಸರಿಸಿ ಟೊಪ್ಪಿಗೆ ಬಿಚ್ಚಿದರು. ದೇವಿ ಸೀರೆಯಲ್ಲೇ ನಿಂತು ಪೈಪಿಗೆ ನೈಟ್ರೋಜನ್ ಕೊಟ್ಟಳು. ಒತ್ತಡ ತೋರಿಸುವ ಮುಳ್ಳು ಮೇಲೇರಿ ನಿಂತಿತು. ನಟ್ಟುಗಳಿಗೆ ಸೋಪಿನ ನೊರೆ ಹಚ್ಚಿದರು. ಗುಳ್ಳೆ ಬರಲಿಲ್ಲ. ಅಡಿಗೆಯವರು ಮೇಲೆ ಬಂದು ಕೈಮುಗಿದು ಹೋದರು. ಮುಳ್ಳು ಅಲ್ಲಾಡಲಿಲ್ಲ. ನೈಟ್ರೋಜನ್ ಬಿಟ್ಟು, ಪಂಪು ಹಚ್ಚಿ, ಸಂಜೆಗೆ ಗ್ಯಾಸ್ ತೆರೆದಾಗ ವಧುವಿನ ಕೋಣೆಯಲ್ಲಿ ತಂಪು ಗಾಳಿ ಬಂತು. ಓಬಯ್ಯ ಮೊದಲು ಹಾಕಿದ ಪೈಪು ಇದ್ದಿದ್ದರೂ ಅಂದು ಅದೇ ಗಾಳಿ ಬರುತ್ತಿತ್ತು. ಚಿಕ್ಕತಿಮ್ಮಪ್ಪ ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಮುಖದಲ್ಲಿ ಹೇಳಿದರು.

ಹೊರಡುವಾಗ ಜುಂಜೇಶ ಆ ಝಗಮಗಿಸುವ ರೆಗ್ಯುಲೇಟರನ್ನು ಅಜ್ಜಪ್ಪನ ಆಟೋದ ಮುಂದಿನ ಚಕ್ರದ ಕೆಳಗಿಟ್ಟ.

"ಹತ್ತಿಸು."

"ನಿಂಬೆಹಣ್ಣಲ್ಲಪ್ಪ ಅದು! ಟೈರ್ ಹೋಗ್ತೈತೆ."

"ಹತ್ತಿಸಲ್ವಾ?"

"ಇಲ್ಲ."

ಜುಂಜೇಶ ಸುತ್ತಿಗೆ ತಂದು ಅದರ ಗಾಜು ಒಡೆದ. ಸಿಲಿಂಡರಿಗೆ ಕೂರುವ ಬಾಯಿ ಚಪ್ಪಟೆಯಾಗುವವರೆಗೂ ಹೊಡೆದ. ಒರೆಸಿದರಾಯಿತೆಂದು ಮುಂದೆ ಯಾರೂ ಬಳಸಬಾರದು. ಅನುಸೂಯಮ್ಮ ತಾವು ಉಜ್ಜಿದ ಬಂಗಾರ ಜಜ್ಜಿಹೋಗುವುದನ್ನು ಕಣ್ಣು ಮಿಟುಕಿಸದೆ ನೋಡಿದರು. ಆಮೇಲೆ ಚೀಲದಿಂದ ಬನ್ನಿ ಎಲೆ ತೆಗೆದು ಇಬ್ಬರ ಕೈಗೂ ಕೊಟ್ಟರು.

"ಕೊಟ್ಕಳ್ರಿ. ಬಂಗಾರದಂಗಿರಾಣ ಅನ್ರಿ."

"ಅವನು ಮೊದ್ಲು ಅನ್ಲಿ" ಎಂದ ಓಬಯ್ಯ.

"ನಾನ್ಯಾಕೆ ಅನ್ಲಿ? ಸಾಯಾಕೆ ಹೊಂಟೋನು ನೀನು."

"ಸತ್ತಿಲ್ವಲ್ಲ!"

"ಅದ್ಕೇ ಸಿಟ್ಟು ಬರಾದು ನನಗೆ! ಸತ್ತಿಲ್ಲ, ಏನೂ ಆಗ್ಲಿಲ್ಲ, ನಾಳೆ ಮತ್ತೆ ಅದನ್ನೇ ಮಾಡ್ತೀಯ. ನಾನು ಹುಚ್ಚನಂಗೆ ಅರಚ್ಕೊಂಡು ಬಂದೆ ಅಂತ ಊರೆಲ್ಲ ಹೇಳ್ತೀಯ. ಹೇಳು ಹೋಗು."

ಓಬಯ್ಯ ಊರೆಲ್ಲ ಹೇಳಿದ. ಸೀರೆ ಉಟ್ಟ ಸಿಲಿಂಡರನ್ನು ತಬ್ಬಿಕೊಂಡು ಹೊಳಲ್ಕೆರೆಗೆ ಬಂದ ಜುಂಜೇಶನ ಕತೆ ಹೊಸದುರ್ಗದವರೆಗೂ ಹೋಯಿತು. ಅದರಲ್ಲಿ ಎಣ್ಣೆಯ ಮಾತು ಇರುತ್ತಿರಲಿಲ್ಲ. ಅನುಸೂಯಮ್ಮ ಮಾತ್ರ ಮುಂದಿನ ವರ್ಷ ಆಯುಧಪೂಜೆಯ ಹಿಂದಿನ ದಿನವೇ ಜುಂಜೇಶನನ್ನು ಕೂರಿಸಿಕೊಂಡು, ಒಂದೊಂದೇ ಸಾಮಾನು ಎತ್ತಿ ಹಿಡಿದು ಇದಕ್ಕೆ ಹಚ್ಚಲಾ, ಇದಕ್ಕೆ ಹಚ್ಚಲಾ ಎಂದು ಕೇಳಿದರು. ಪ್ರತಿಯೊಂದಕ್ಕೂ ಕಾರಣ ಕೇಳಿದರು. ಅವನು ಸಿಡುಕುತ್ತಲೇ ಹೇಳಿದ. ಆಕ್ಸಿಜನ್ನಿನ ಹೊಸ ರೆಗ್ಯುಲೇಟರಿಗೆ ಒಂದು ಒಣ ಹೂ ಸಾಕು ಎಂದು ಇತ್ಯರ್ಥವಾಯಿತು.

ಓಬಯ್ಯ ಈಗಲೂ ಜುಂಜೇಶನ ಫೋನ್ ಎತ್ತುವುದಿಲ್ಲ.

ಹೋದ ಬೇಸಿಗೆಯಲ್ಲಿ ಒಂದು ದಿನ ಅವನೇ ಮಾಡಿದ. ಹಾಲುರಾಮೇಶ್ವರದ ಕಡೆ ಒಂದು ಮನೆಯ ಕೆಲಸಕ್ಕೆ ಹೋಗಿದ್ದ. ಹಲೋ ಇಲ್ಲ, ಅಣ್ಣ ಇಲ್ಲ.

"ನೈಟ್ರೋಜನ್ ಖಾಲಿ ಆಗೈತೆ. ಪೈಪ್ ಬೆಸೆದಾಗೈತೆ, ಟೆಸ್ಟ್ ಆಗಿಲ್ಲ. ಮನೆಯೋರು ಇವತ್ತೇ ಬೇಕು ಅಂತಾರೆ. ಏನ್ ಮಾಡ್ಲಿ?"

ಹೊರಡುವ ಮುಂಚೆ ಮುಳ್ಳು ನೋಡಲು ಕಣ್ಣಿರಲಿಲ್ಲವೇ ಎಂದು ಜುಂಜೇಶ ಶುರು ಮಾಡಿದ. ಹಟ್ಟಿಯ ಗಂಟಲು, ಗುಡ್ಡ ದಾಟುವಷ್ಟು. ಆ ಕಡೆ ಓಬಯ್ಯ ಫೋನನ್ನು ಗೇಣು ದೂರ ಹಿಡಿದಿದ್ದಿರಬೇಕು. ಆದರೆ ಕಟ್ ಮಾಡಲಿಲ್ಲ. ಬೈಗಳು ನಡುವೆ ಉಸಿರಿಗೆ ನಿಂತಾಗ, ನಟ್ಟಿನ ಮುಂದೆ ಕೂರುವ ಅದೇ ಸಾವಧಾನದಲ್ಲಿ ಕೇಳಿದ:

"ಮುಗೀತಾ? ಮುಗಿದಿದ್ರೆ ಹೇಳು. ಬಾಗ್ಲಲ್ಲಿ ಕುಂತಿದೀನಿ. ಏನೂ ಮುಟ್ಟಿಲ್ಲ."

"ಅಲ್ಲೇ ಕುಂತಿರಲೇ" ಎಂದ ಜುಂಜೇಶ. "ತರ್ತೀನಿ."